ಕಾಯಕ ಬಳಗದ ಮೂರನೆಯ ಪೆಟ್ಟಿಗೆ

ಕಳುವಾದದ್ದನ್ನು ಹುಡುಕಿಕೊಡಿರೆಂದು ಸುಭದ್ರಾಬಾಯಿಯವರ ಬಾಗಿಲಿಗೆ ಬಂದ ಎಷ್ಟೋ ಮಂದಿಯನ್ನು ಹಸನಸಾಬರು ಕಂಡಿದ್ದರು. ಕಳುವಾದದ್ದು ಮರಳಿ ಕೈಸೇರಿದ ಮೇಲೆ ಬಂದವರನ್ನು ಕಂಡದ್ದು ಅದೇ ಮೊದಲು.

ಸಾವಿರದ ಒಂಬೈನೂರ ತೊಂಬತ್ತೇಳನೆಯ ಇಸವಿಯ ಮಾರ್ಚ್ ತಿಂಗಳು. ಆಳಂದದ ಬಿಸಿಲು ಗೋಡೆಗಳ ನೆರಳನ್ನು ಗೋಡೆಗಳಿಗೇ ಒತ್ತಿ ನಿಲ್ಲಿಸಿದ್ದ ಮಧ್ಯಾಹ್ನ. ಸುಭದ್ರಾಬಾಯಿ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು; ಹಸನಸಾಬರು ಎದುರಿನ ಕಂಬಕ್ಕೆ ಒರಗಿ ಪತ್ರಿಕೆ ಓದಿ ಹೇಳುತ್ತಿದ್ದರು. ಕೊಡೆಯನ್ನು ಮಡಿಚುವುದನ್ನೂ ಮರೆತು ಒಳಗೆ ಬಂದ ಕಾಯಕ ಬಳಗದ ಸುಂದರಬಾಯಿ ನಿಂತಲ್ಲೇ ಹೇಳಿದರು: "ಪೆಟ್ಟಿಗಿ ಸಿಕ್ಕದ ಅಕ್ಕಾರ. ಒಂದು ಕಾರ್ಡೂ ಕಮ್ಮಿ ಇಲ್ಲ. ಆದ್ರ ನನ್ನ ಮಲ್ಕಮ್ಮನ ಮಾನ ಹೋಗಾಕತ್ತದ. ಅದನ್ನ ಹುಡುಕಿ ಕೊಡ್ರಿ."

ಸುಭದ್ರಾಬಾಯಿ ಇಪ್ಪತ್ತೆಂಟು ವರ್ಷ ಆಳಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಜೋಡಿಸಿದವರು. ಅದೇ ಎಕ್ಸ್‌ಚೇಂಜಿನ ಲೈನ್‌ಮನ್ ಆಗಿದ್ದ ಹಸನಸಾಬರು ಹೊರಗೆ ಕಂಬ ಹತ್ತಿ ಅದೇ ತಂತಿಗಳನ್ನು ಕಾದವರು. ಊರಿನ ಸುಖದುಃಖವೆಲ್ಲ ಆ ಹೆಂಗಸಿನ ಹತ್ತು ಬೆರಳುಗಳ ನಡುವೆ ಹಾದುಹೋಗಿತ್ತು. ಕೇಳಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಆದರೆ ಯಾವ ಎಳೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮರೆಯಲೂ ಇಲ್ಲ. ನಿವೃತ್ತಿಯ ನಂತರ ಆ ನೆನಪೇ ಅವರನ್ನು ಊರಿನ ಪತ್ತೇದಾರರನ್ನಾಗಿ ಮಾಡಿತು. ಹಸನಸಾಬರು ಮಾತ್ರ ಹಳೆಯ ಕೆಲಸದಲ್ಲೇ ಉಳಿದರು: ಬಾಯಿಯವರು ಒಳಗೆ, ತಾವು ಹೊರಗೆ.

ಸುಂದರಬಾಯಿಯವರ ಕಾಯಕ ಬಳಗವನ್ನು ಅರಿಯದವರು ಸುತ್ತಲ ಮೂರು ತಾಲೂಕುಗಳಲ್ಲಿ ಇರಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಹಿರೋಳ್ಳಿಯವನೊಬ್ಬ ಬಾವಿ ಕಟ್ಟುವ ಗೌಂಡಿಯನ್ನು ಹುಡುಕಿ ಸೋಲಾಪುರದವರೆಗೆ ಅಲೆದು ಬರಿಗೈಯಲ್ಲಿ ಬಂದ. ಅಂಥ ಗೌಂಡಿ ನಿಂಬರ್ಗಾದಲ್ಲೇ ಕೆಲಸವಿಲ್ಲದೆ ಕುಳಿತಿದ್ದ. ಆಗ ಹೊಲಿಗೆ ಟೀಚರಾಗಿದ್ದ ಸುಂದರಬಾಯಿಯನ್ನು ಈ ಸಂಗತಿ ನಿದ್ದೆಗೆಡಿಸಿತು. ಒಂದು ದಪ್ಪ ರಟ್ಟಿನ ಕಾರ್ಡಿನ ಮೇಲೆ ಆ ಗೌಂಡಿಯ ಹೆಸರು ಬರೆದರು. ಈಗ ಆಳಂದ, ಅಫಜಲಪುರ, ಜೇವರ್ಗಿಗೆ ಒಂದೊಂದರಂತೆ ಮೂರು ತಗಡಿನ ಪೆಟ್ಟಿಗೆಗಳಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಕಾರ್ಡುಗಳಿದ್ದವು. ಪ್ರತಿ ಕಾರ್ಡಿನ ಮುಂಬದಿಯಲ್ಲಿ ಆ ಮನುಷ್ಯನ ಕಸುಬು, ಅವನಿಗೆ ಕಲಿಸಿದವರು, ಅವನ ಜೊತೆಗೆ ದುಡಿದ ಇಬ್ಬರು ಸಾಕ್ಷಿಗಳು. ಹಿಂಬದಿಯಲ್ಲಿ ಅವನು ಯಾರಯಾರಿಗೆ ಸಾಕ್ಷಿಯಾಗಿದ್ದಾನೆ ಎಂಬ ಪಟ್ಟಿ. ಒಬ್ಬನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಭೀಮೆಯ ಆಚೆ ದಡದಿಂದ ಮಹಾರಾಷ್ಟ್ರದ ಗಡಿಯವರೆಗೆ ದುಡಿಯುವ ಕೈಗಳೆಲ್ಲ ಒಂದನ್ನೊಂದು ಹಿಡಿದು ನಿಂತಂತೆ.

ಆ ವಾರ ಪುಣೆಯ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ಬಳಗವನ್ನು ಕೊಳ್ಳಲು ಬಂದಿತ್ತು. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಹೊಸದಾಗಿ ಬಂದ ಇಂಟರ್ನೆಟ್ಟಿನಲ್ಲಿ ಇಡುವುದು ಅವರ ಯೋಜನೆ. ಜೇವರ್ಗಿಯ ಬಡಗಿಯನ್ನು ಪುಣೆಯಲ್ಲಿ ಕುಳಿತವನು ಕಾಣಬಹುದು ಎಂದು ಕಂಪನಿಯ ಅಧಿಕಾರಿ ವಾಡಕರ ಹೇಳಿದಾಗ ಊರಿಗೆ ಊರೇ ಎದೆಯುಬ್ಬಿಸಿ ನಡೆದಿತ್ತು. ಸುಂದರಬಾಯಿ ಮೂರು ಷರತ್ತು ಹಾಕಿದ್ದರು. ಬಳಗದ ಹೆಸರು ಬದಲಾಗಕೂಡದು. ಕಚೇರಿ ಆಳಂದದಲ್ಲೇ ಉಳಿಯಬೇಕು. ಹನ್ನೊಂದು ವರ್ಷ ಕಾರ್ಡುಗಳನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡಿದ, ನಿಂಬರ್ಗಾದ ಕೂಲಿಕಾರನ ಮಗಳು ಮಲ್ಕಮ್ಮನೇ ಅದರ ಮುಖ್ಯಸ್ಥೆಯಾಗಬೇಕು. ಕಂಪನಿ ಮೂರಕ್ಕೂ ಒಪ್ಪಿತ್ತು.

ಸುಂದರಬಾಯಿ ಹೇಳಿದ ಸಂಗತಿ ಇಷ್ಟು. ಅಂದು ಹನ್ನೊಂದು ಗಂಟೆಗೆ ಒಪ್ಪಂದಕ್ಕೆ ಸಹಿ ಆಗಬೇಕಿತ್ತು. ಮಲ್ಕಮ್ಮ ಎಂಟಕ್ಕೇ ಬಂದು ಮೂರೂ ಪೆಟ್ಟಿಗೆ ಒರೆಸಿಟ್ಟು, ಒಂಬತ್ತಕ್ಕೆ ಸುಂದರಬಾಯಿಯ ಜೊತೆಗೆ ಬಸ್‌ಸ್ಟ್ಯಾಂಡಿಗೆ ಹೋದಳು, ಅಫಜಲಪುರದ ಪಂಚರನ್ನು, ಎಂದರೆ ಆ ತಾಲೂಕಿನ ಕಾರ್ಡುಗಳ ಹೊಣೆ ಹೊತ್ತ ಹಿರಿಯರನ್ನು, ಕರೆತರಲು. ಬಸ್ಸು ತಡವಾಯಿತು. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಮರಳಿದರೆ ಜೇವರ್ಗಿಯ ಪೆಟ್ಟಿಗೆ ಮಾಯ. ಸುಂದರಬಾಯಿಯ ವಾಡೆಯಲ್ಲೇ ಇದ್ದ ಆ ಕಚೇರಿಯ ಕೀಲಿ ಮಲ್ಕಮ್ಮಳ ಬಳಿ ಇತ್ತು. ಗಡಿಬಿಡಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲವೆಂದು ಅವಳೇ ಒಪ್ಪಿದಳು. ಒಂದೂವರೆಗೆ ಸುಂದರಬಾಯಿ ತೊಗರಿಬೇಳೆ ತರಲು ತಮ್ಮ ವಾಡೆಯ ಮಾಳಿಗೆಗೆ ಹೋದಾಗ ಪೆಟ್ಟಿಗೆ ಅಲ್ಲಿತ್ತು. ಎಣಿಸಿದರೆ ಸಾವಿರದ ನಾನೂರ ಹನ್ನೆರಡು ಕಾರ್ಡು, ಇರಬೇಕಾದಷ್ಟೇ.

"ವಾಡಕರ ಸಾಹೇಬರು ಸಂಭಾವಿತರು," ಎಂದರು ಸುಂದರಬಾಯಿ. "ಆದ್ರ ಅವ್ರೂ ಒಬ್ಬರಿಗೆ ಉತ್ತರ ಕೊಡಬೇಕಲ್ರಿ. ಯಾರು ಒಯ್ದ್ರು, ಯಾಕ ಒಯ್ದ್ರು ಗೊತ್ತಾಗದ ಹೊರತು ಆ ಹುಡುಗಿ ಕೈಗಿ ಕಚೇರಿ ಕೊಡಾಕ ಆಗಂಗಿಲ್ಲ ಅಂತಾರ. ಐದಕ್ಕ ಅವ್ರ ಗಾಡಿ ಹೊಂಡ್ತದ. ಅವಳನ್ನ ಬಿಟ್ಟು ಸಹಿ ಮಾಡ್ರಿ ಅಂದ್ರ ನನ್ನ ಕೈ ಹ್ಯಾಂಗ ಏಳಬೇಕು?"

ಸುಭದ್ರಾಬಾಯಿ ಹುಣಸೆಯ ಮೊರವನ್ನು ಬದಿಗಿಟ್ಟು ಕೈ ತೊಳೆದರು. "ಕಳ್ಳ ಹೊಳ್ಳಿ ಕೊಟ್ಟ ಅಂದ್ರ ಅವಂಗ ಬೇಕಾದದ್ದು ಸಿಕ್ಕದ ಅಂತ ಅರ್ಥ," ಎಂದರು. "ನಡೀರಿ ಹಸನಭಾಯಿ, ಲೈನ್ ಎಲ್ಲಿ ಕಟ್ ಆಗ್ಯದ ನೋಡೂಣು."

ವಾಡೆಯ ಹೆಬ್ಬಾಗಿಲ ಹೊರಗೆ ಬೇವಿನ ನೆರಳಿನಲ್ಲಿ ಒಂದು ಜೀಪು ನಿಂತಿತ್ತು. ಅದಕ್ಕೆ ಒರಗಿ ಕೂಲಿ ಗುತ್ತೇದಾರ ದೌಲತರಾಯ ಎಲೆ ಅಡಿಕೆ ಅಗಿಯುತ್ತಿದ್ದ. ಅವನ ಕೈಯಿಂದಲೇ ಕೆಲಸ ಪಡೆಯಬೇಕಾಗಿದ್ದ ಜನ ಬಳಗ ಬಂದ ಮೇಲೆ ನೇರವಾಗಿ ಕೆಲಸಕ್ಕೆ ಹೋಗತೊಡಗಿದ್ದರು. ಆ ಹೊಟ್ಟೆಯುರಿ ಊರಿಗೆಲ್ಲ ಗೊತ್ತಿತ್ತು. ಹಿಂದಿನ ದಿನ ಅವನು ಪೇಟೆಯಲ್ಲಿ ಮಲ್ಕಮ್ಮಳನ್ನು ನಿಲ್ಲಿಸಿ ಮಾತಾಡಿಸಿದ್ದನ್ನೂ ಜನ ನೋಡಿದ್ದರು. ಜನರ ಸಂಶಯಕ್ಕೆ ಅಷ್ಟೇ ಸಾಕಾಗಿತ್ತು.

"ಏನ್ ಹಸನಸಾಬ್ರ," ಎಂದ ಅವನು, "ಕೂಸು ಹುಟ್ಟೂಕಿಂತ ಮೊದಲ ತೊಟ್ಟಿಲ ಕಳುವಾತಂತ?"

"ತೊಟ್ಟಿಲ ಸಿಕ್ಕದ ಗುತ್ತೇದಾರ್ರ. ನೀವು ಜೋಗುಳ ಕಲೀರಿ," ಎಂದು ಹಸನಸಾಬರು ಒಳಗೆ ನಡೆದರು.

ಕಚೇರಿಯ ಕೋಣೆಯಲ್ಲಿ ಮಲ್ಕಮ್ಮ ನೆಲ ನೋಡುತ್ತ ನಿಂತಿದ್ದಳು. ಅತ್ತು ಮುಗಿಸಿದವಳ ಮುಖವಲ್ಲ. ಅಳುವುದಿಲ್ಲವೆಂದು ಹಟ ಹಿಡಿದವಳ ಮುಖ. ದೌಲತರಾಯ ಏನು ಕೇಳಿದ ಎಂದರೆ, ತನ್ನ ಹತ್ತಿರ ಕೆಲಸಕ್ಕೆ ಬಾ ಎಂದ, ಒಲ್ಲೆನೆಂದೆ ಎಂದಳು. ಸುಭದ್ರಾಬಾಯಿ ಅದರ ಬಗ್ಗೆ ಮತ್ತೇನೂ ಕೇಳಲಿಲ್ಲ. ಜೇವರ್ಗಿಯ ಪೆಟ್ಟಿಗೆಯನ್ನು ತೋರಿಸಿ, "ಇದ್ರಾಗ ನಿನಗ ಒಬ್ಬರ ಕಾರ್ಡು ಬೇಕಾದ್ರ ಹ್ಯಾಂಗ ತಗೀತಿ ಬೇ? ಹೆಸರಿನ ಪ್ರಕಾರ ಜೋಡಿಸಿಲ್ಲಲ್ಲ," ಎಂದರು.

ಜೋಡಿಸಿರಲಿಲ್ಲ ನಿಜ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದ ಮೇಲೆ ಪೆಟ್ಟಿಗೆಯೊಳಗೂ ಮೊದಲು ಕೊನೆ ಇರಬಾರದೆಂಬುದು ಸುಂದರಬಾಯಿಯ ನೇಮ. ಜಾತಿ, ಊರು, ಅಕ್ಷರ ಯಾವ ಕ್ರಮವೂ ಇಲ್ಲದೆ ಕಾರ್ಡುಗಳು ಸಂತೆಯ ಜನರಂತೆ ಕಲೆತು ನಿಂತಿರುತ್ತಿದ್ದವು. ಮಲ್ಕಮ್ಮ ಗೋಡೆಯ ಮೊಳೆಯಿಂದ ಒಂದು ದಬ್ಬಣ ತೆಗೆದಳು. ತೊಗರಿಯ ಚೀಲ ಹೊಲಿಯುವ ಉದ್ದ ಸೂಜಿ. ಕಾರ್ಡುಗಳ ನಾಲ್ಕೂ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದವು, ಒಂದೊಂದು ಕಸುಬಿಗೂ ಒಂದೊಂದು ಊರಿಗೂ ಒಂದೊಂದು ತೂತು. ಯಾರಿಗೆ ಯಾವ ಕಸುಬು ಬರುವುದೋ ಅವರ ಕಾರ್ಡಿನಲ್ಲಿ ಆ ತೂತಿನ ಅಂಚನ್ನು ಕತ್ತರಿಸಿ ಬಾಯಿ ತೆರೆದಿರುತ್ತಿದ್ದರು. ಮಲ್ಕಮ್ಮ ಒಂದು ಹಿಡಿ ಕಾರ್ಡು ಎತ್ತಿ, ಸಮ ಮಾಡಿ, ಒಂದು ತೂತಿನಲ್ಲಿ ದಬ್ಬಣ ತೂರಿಸಿ ಮೇಲೆತ್ತಿ ಅಲುಗಿಸಿದಳು. ಮಿಕ್ಕವೆಲ್ಲ ದಬ್ಬಣಕ್ಕೆ ನೇತಾಡುತ್ತಿರಲು ಮೂರು ಕಾರ್ಡು ಮಾಗಿದ ಎಲೆಗಳಂತೆ ಕೆಳಗುದುರಿದವು.

"ಹಾರ್ಮೋನಿಯಂ ರಿಪೇರಿಯವ್ರು," ಎಂದಳು. "ಎಲ್ಲಾ ಹಿಡಿ ತೀರೂದಕ್ಕ ಐದು ಮಿನಿಟು. ಒಬ್ಬರದೇ ಬೇಕಂದ್ರ ಅವ್ರ ಊರಿನ ತೂತಿಗಿ ಇನ್ನೊಮ್ಮಿ ಚುಚ್ಚಬೇಕು. ಮತ್ತೆರಡು ಮಿನಿಟು."

"ಈ ವಿದ್ಯೆ ಮತ್ಯಾರಿಗಿ ಬರ್ತದ?"

"ಸುಂದರಬಾಯಾರಿಗಿ, ನನಗ. ಪಂಚರು ಖಾಲಿ ಕಾರ್ಡು ಒಯ್ದು ಊರಾಗ ಬರೆಸ್ಕೊಂಡು ಬರ್ತಾರ್ರಿ. ಅಂಚು ಕತ್ತರಿಸೂದು, ಚುಚ್ಚೂದು ಇಲ್ಲೇ."

ಹಸನಸಾಬರ ಕಣ್ಣು ಅವಳ ಕೈಗಳ ಮೇಲಿತ್ತು. ಮಣಿಕಟ್ಟಿನವರೆಗೆ ಬೆಳ್ಳಗಾಗಿದ್ದವು. ಕೇಳಿದರೆ, ಕಾರ್ಡುಗಳು ಒಂದಕ್ಕೊಂದು ಅಂಟದೆ ಸರಾಗವಾಗಿ ಉದುರಲೆಂದು ಪ್ರತಿ ಶ್ರಾವಣದಲ್ಲಿ ಎಲ್ಲಕ್ಕೂ ವಿಭೂತಿಯ ಪುಡಿ ಸವರುತ್ತಾರಂತೆ. ಹೊಸ ಕಾರ್ಡು ಬಂದರೆ ಅಂಚು ಕತ್ತರಿಸಿದ ಕೂಡಲೇ ಅದಕ್ಕೂ ಸವರುತ್ತಾರಂತೆ.

ಮಾಳಿಗೆಗೆ ಹಿತ್ತಲಿನಿಂದ ಒಂದು ಮೆಟ್ಟಿಲ ಸಾಲಿತ್ತು. ಪಡಸಾಲೆಯಲ್ಲಿ ಕುಳಿತವರಿಗೆ ಕಾಣದಂತೆ ಏರಬಹುದಾಗಿತ್ತು. ಮೇಲೆ ತೊಗರಿಯ ಹೊಟ್ಟು ನೆಲವನ್ನೆಲ್ಲ ಮುಸುಕಿತ್ತು. ಕಿಟಕಿಯ ಬಳಿ ಮಾತ್ರ, ಒಂದು ಬಟ್ಟೆ ಹಾಸಿ ಎತ್ತಿದಂತೆ, ಹೊಟ್ಟಿಲ್ಲದ ಚೌಕವೊಂದು. ಪೆಟ್ಟಿಗೆ ಸಿಕ್ಕದ್ದು ಅದರ ಪಕ್ಕದಲ್ಲಿ, ನೆಲದ ಮೇಲಲ್ಲ, ಮಣೆಯ ಮೇಲೆ. ಮೂಲೆಯಲ್ಲಿದ್ದ ಮಣೆಯನ್ನು ಯಾರೋ ತಂದು, ಒರೆಸಿ, ಇಟ್ಟಿದ್ದರು. ಸುಭದ್ರಾಬಾಯಿ ಬಾಗಿ ನೆಲವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಸಾವಿರದ ಮ್ಯಾಲ ಕಾರ್ಡು ಇಲ್ಲಿ ಕೈಯಾಡ್ಯಾವ," ಎಂದರು. "ಒಂದು ಚಿಟಿಕಿ ವಿಭೂತಿ ನೆಲಕ್ಕ ಬಿದ್ದಿಲ್ಲ ನೋಡ್ರಿ ಹಸನಭಾಯಿ." ನಂತರ ಕೆಳಗಿಳಿದು ಕಾರ್ಡುಗಳನ್ನು ಹಿಡಿಹಿಡಿಯಾಗಿ ಎತ್ತಿ ಬೆಳಕಿಗೆ ಹಿಡಿದರು. ಬಿಳಿ ಧೂಳು ಬಿಟ್ಟರೆ ಎಲ್ಲೂ ಒಂದು ಕಲೆಯಿರಲಿಲ್ಲ.

ಪಡಸಾಲೆಯಲ್ಲಿ ವಾಡಕರ ಗಡಿಯಾರ ನೋಡುತ್ತ ಕುಳಿತಿದ್ದರು. ಸೋಲಾಪುರದಲ್ಲಿ ಹುಟ್ಟಿದವರಾದ್ದರಿಂದ ಕನ್ನಡ ಬಲ್ಲವರು. ಹಿಂದಿನ ದಿನ ಪಂಚರಿಗೆ ಏನು ಹೇಳಿದಿರಿ ಎಂದು ಸುಭದ್ರಾಬಾಯಿ ಕೇಳಿದರು. ಅವರು ಹೇಳಿದ್ದು ಸರಳವಾಗಿತ್ತು. ಕಂಪ್ಯೂಟರು ಪ್ರತಿಯೊಬ್ಬರ ಮುಂಬದಿಯನ್ನು ಸಾಕ್ಷಿಗಳ ಹಿಂಬದಿಯೊಂದಿಗೆ ತಾಳೆ ನೋಡುತ್ತದೆ. ಉದಾಹರಣೆಗೆ, ಬಸಪ್ಪ ತನಗೆ ಕಲ್ಲಪ್ಪ ಸಾಕ್ಷಿ ಎಂದರೆ ಕಲ್ಲಪ್ಪನ ಕಾರ್ಡಿನ ಹಿಂದೆ ಬಸಪ್ಪನ ಹೆಸರಿರಬೇಕು. ಇಲ್ಲದಿದ್ದರೆ ಬಸಪ್ಪನ ಹೆಸರು ಕೆಂಪಾಗಿ ಕಾಣುತ್ತದೆ. ಸಾಕ್ಷಿಯ ಜಾಗ ಖಾಲಿ ಇದ್ದರೆ ಅದು ಹೊಸ ಹೆಸರೆಂದು ಬೇರೆ ಇಡುತ್ತದೆ, ಕೆಂಪು ಮಾಡುವುದಿಲ್ಲ. ಇದನ್ನು ಕೇಳಿದವರು ಆಗಲೇ ಬಂದಿದ್ದ ಪಂಚರು ಮಾತ್ರ. ಪಂಚರ ಕಾರ್ಡನ್ನು ತಾಳೆ ನೋಡುವವರು ಯಾರು ಎಂಬ ಪ್ರಶ್ನೆಗೆ ಸುಂದರಬಾಯಿ, "ಯಾರೂ ಇಲ್ಲ," ಎಂದರು. ತಮ್ಮ ತಾಲೂಕಿನವರನ್ನು ತಾಳೆ ನೋಡುವವರೇ ಅವರು; ಅವರನ್ನು ಅನುಮಾನಿಸುವುದು ಯಾರಿಗೂ ಹೊಳೆದಿರಲಿಲ್ಲ.

ಜೇವರ್ಗಿಯ ಪಂಚರು ಮೂವರು, ಹಿಂದಿನ ದಿನವೇ ಬಂದು ವಾಡೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮೂವರೂ ಬೇರೆ ಬೇರೆ ಕಡೆಗೆ ಹೋಗಿದ್ದೆವೆಂದರು.

ಎಂಜಿನ್ ಮೇಸ್ತ್ರಿ ಅಂಬಾರಾಯ ಪೇಟೆಯ ಹಿಟ್ಟಿನ ಗಿರಣಿಗೆ ಹೋಗಿದ್ದನಂತೆ. ಹತ್ತು ಗಂಟೆಗೇ ಹೊರಟ ಎಂದು ಗಿರಣಿಯವನು ಹೇಳಿ ಕಳಿಸಿದ್ದ. ಅಂಬಾರಾಯ ತನ್ನ ಕೈಗಳನ್ನು ಮುಂದೆ ಚಾಚಿದ. ಮೊಣಕೈವರೆಗೆ ಗ್ರೀಸು. ಅವನು ಹಿಡಿದ ಚಹದ ಕಪ್ಪಿನ ಮೇಲೂ ಐದು ಬೆರಳು ಮೂಡಿದ್ದವು. "ಇದು ಇಪ್ಪತ್ತು ವರ್ಷದ ಮಸಿರಿ ಬಾಯಾರ. ನಾ ಏನು ಮುಟ್ಟೇನಿ ಅಂತ ಕೇಳೂದೇ ಬ್ಯಾಡ, ನೋಡಿದ್ರ ತಿಳೀತದ. ನನ್ನ ಹೆಣ್ತಿ ರೊಟ್ಟಿ ಬುಟ್ಟಿಗಿ ಕೈ ಹಚ್ಚಾಕ ಬಿಡಂಗಿಲ್ಲ."

ಸೂಲಗಿತ್ತಿ ದ್ರೌಪದಿ, ತಾನು ಹಿಂದೊಮ್ಮೆ ಹೆರಿಗೆ ಮಾಡಿಸಿದ ಕೂಸನ್ನು ನೋಡಲು ಹೋಗಿದ್ದೆನೆಂದಳು. ಹೇಳುತ್ತಲೇ ಸೊಂಟದ ಚೀಲದಿಂದ ಒಂದು ಚೀಟಿ ತೆಗೆದು, ಔಷಧವನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಬರೆದಿದೆ ನೋಡಿ ಹೇಳೆಂದು ಹಸನಸಾಬರ ಕೈಗಿತ್ತಳು. "ಕೋಣನ ಮುಂದ ಕಿನ್ನರಿ ಅಂತಾರಲ್ಲಪ್ಪ, ಅಕ್ಷರದ ಮುಂದ ನಾನು ಆ ಕೋಣ."

ಮೋಜಣಿ ಮಾಡುವ ದತ್ತಪ್ಪ ಕೆರೆಯ ಕಡೆಗೆ ಅಡ್ಡಾಡಲು ಹೋಗಿದ್ದನಂತೆ. ಐವತ್ತೈದರ ಸಣಕಲು ಮನುಷ್ಯ, ಹೊಲದ ಬದುಗಳನ್ನು ಅಳೆದು ಅಳೆದು ಅವನ ನಡಿಗೆಗೂ ಒಂದು ಅಳತೆ ಬಂದಿತ್ತು. ಬೆಳಿಗ್ಗೆ ಚಹದಂಗಡಿಯಲ್ಲಿ ಹಸನಸಾಬರು ಅವನನ್ನು ನೋಡಿದ್ದರು. ಗಂಜಿ ಹಾಕಿದ ಬಿಳಿಯ ಶಲ್ಯ ಎರಡೂ ಹೆಗಲ ಮೇಲೆ ಹರಡಿತ್ತು. ಈಗ ಅದು ಗಂಟು ಕಟ್ಟಿ ಅವನ ತೊಡೆಯ ಮೇಲೆ ಕುಳಿತಿತ್ತು. ಬುತ್ತಿಯ ಗಂಟೆಂದು ಯಾರಾದರೂ ತಿಳಿಯಬಹುದಿತ್ತು.

ನಾಲ್ಕು ಗಂಟೆಗೆ ಸುಭದ್ರಾಬಾಯಿ ಎಲ್ಲರನ್ನೂ ಪಡಸಾಲೆಗೆ ಕೂಡಿಸಿದರು. ಅಫಜಲಪುರದ ಪಂಚರು ಗೋಡೆಯ ಬದಿಗೆ, ಜೇವರ್ಗಿಯ ಮೂವರು ಎದುರಿಗೆ, ವಾಡಕರ ಕುರ್ಚಿಯಲ್ಲಿ. ದೌಲತರಾಯನನ್ನೂ ಒಳಗೆ ಕರೆಯಲು ಹಸನಸಾಬರು ಹೋದರು. ಅವನು ಹೊಸ್ತಿಲ ಮೇಲೆ ನಿಂತ. ಅವನ ಹಿಂದೆ ಬೀದಿಯ ಹತ್ತಾರು ಮಂದಿ. ನಡುವೆ ನೆಲದ ಮೇಲೆ ಒಂದು ಕರಿ ಕಂಬಳಿ ಹಾಸಿಸಿದ್ದರು. ಅದೇಕೆಂದು ಹಸನಸಾಬರಿಗೂ ತಿಳಿದಿರಲಿಲ್ಲ.

"ಮೊದಲ ಮಾತು ಮಲ್ಕಮ್ಮಂದು," ಎಂದು ಸುಭದ್ರಾಬಾಯಿ ಶುರು ಮಾಡಿದರು. ಎಕ್ಸ್‌ಚೇಂಜಿನಲ್ಲಿ ನಂಬರು ಹೇಳುತ್ತಿದ್ದ ಅದೇ ಏರಿಳಿತವಿಲ್ಲದ ದನಿ. "ಈ ಪೆಟ್ಟಿಗ್ಯಾಗ ಅವಳಿಗಿ ಬೇಕಾದದ್ದು ತಗ್ಯಾಕ ಏಳು ಮಿನಿಟು ಸಾಕು. ಬೆಳಿಗ್ಗಿ ಎಂಟರಿಂದ ಒಂಬತ್ತರ ತನಕ ಒಬ್ಬಾಕಿನೇ ಇದ್ದಳು. ಅಂಥಾಕಿ ಪೆಟ್ಟಿಗಿ ಹೊತ್ತು ಮಾಳಿಗಿ ಹತ್ತೂದು ಯಾಕ? ಪೆಟ್ಟಿಗಿ ಹೊತ್ತವರು ಯಾರಂದ್ರ, ದಬ್ಬಣ ಹಿಡಿಯಾಕ ಬರದವರು. ಒಂದೊಂದೇ ಕಾರ್ಡು ಕೈಲೆ ತಿರುವಿ ಹುಡುಕಬೇಕಾದವರು."

ಮಲ್ಕಮ್ಮ ಆಗ ಮೊದಲ ಬಾರಿ ತಲೆಯೆತ್ತಿದಳು.

ಎರಡನೆಯ ಮಾತು ದೌಲತರಾಯನದು. ಬಳಗವನ್ನು ಮುರಿಯಬೇಕೆನ್ನುವವನಿಗೆ ಪೆಟ್ಟಿಗೆ ಸಿಕ್ಕರೆ ಒಲೆಗೆ ಹಾಕುತ್ತಿದ್ದ, ಇಲ್ಲವೇ ಬಾವಿಗೆ ಎಸೆಯುತ್ತಿದ್ದ. ಮಣೆಯ ಮೇಲೆ ಇಡುತ್ತಿರಲಿಲ್ಲ ಎಂದರು ಸುಭದ್ರಾಬಾಯಿ. ಒಯ್ದವರು ಬಳಗದ ಮೇಲೆ ಭಕ್ತಿ ಇದ್ದವರೇ. "ಗುತ್ತೇದಾರ್ರ, ನಿಮ್ಮ ಮ್ಯಾಲ ನನಗ ಸಂಶಯ ಬರಲಿಲ್ಲ. ಅದು ನಿಮಗ ಹೊಗಳಿಕಿ ಅಂತ ತಿಳೀಬ್ಯಾಡ್ರಿ." ಬಾಗಿಲಲ್ಲಿ ನಗೆ ಎದ್ದಿತು. ದೌಲತರಾಯನೂ ಮೀಸೆಯಡಿಯಲ್ಲಿ ನಕ್ಕ.

ಮುಂದಿನದನ್ನು ಅವರು ಹಂತಹಂತವಾಗಿ ಬಿಡಿಸಿದರು. ಕಾರ್ಡು ಕಮ್ಮಿಯಾಗಿಲ್ಲ, ಹಾಗಾದರೆ ಒಂದು ಹೋಗಿ ಒಂದು ಬಂದಿರಬೇಕು. ತೂತು ಹೊಡೆದ ಖಾಲಿ ಕಾರ್ಡು ಕಚೇರಿಯ ಹೊರಗೆ ಸಿಗುವುದು ಪಂಚರ ಬಳಿ ಮಾತ್ರ. ಕೆಂಪು ಹೆಸರಿನ ಮಾತು ನಿನ್ನೆ ಕೇಳಿದ್ದೂ ಪಂಚರೇ. ಹೋದದ್ದು ಜೇವರ್ಗಿಯ ಪೆಟ್ಟಿಗೆ. ಅಂದರೆ ಕಾರ್ಡು ಆ ಮೂವರಲ್ಲಿ ಒಬ್ಬರದು. ಅಂಬಾರಾಯ ಸಾವಿರ ಕಾರ್ಡು ತಿರುವಿದ್ದರೆ ಸಾವಿರಕ್ಕೂ ಗ್ರೀಸಿನ ಬೆರಳು ಮೂಡುತ್ತಿತ್ತು, ಒಂದಕ್ಕೂ ಇಲ್ಲ. ದ್ರೌಪದಿಗೆ ಅಕ್ಷರ ಬಾರದು. ಓದಲು ಬಾರದವಳು ತನ್ನ ಕಾರ್ಡನ್ನು ಗುರುತಿಸುವುದು ಹೇಗೆ, ಹೊಸದನ್ನು ಬರೆಯುವುದು ಹೇಗೆ?

ಉಳಿದ ಒಬ್ಬನ ಹೆಸರನ್ನು ಅವರು ಹೇಳಲಿಲ್ಲ. "ಮಲ್ಕಮ್ಮ, ಜೇವರ್ಗಿ ಮೋಜಣಿಯವ್ರನ್ನ ಕರಿ," ಎಂದರು.

ಮಲ್ಕಮ್ಮ ಹಿಡಿಯ ಮೇಲೆ ಹಿಡಿ ಎತ್ತಿ ಚುಚ್ಚಿ ಅಲುಗಿಸಿದಳು. ವಾಡಕರ ಕುರ್ಚಿಯಿಂದ ಎದ್ದುಬಂದು ನೆಲಕ್ಕೆ ಕುಳಿತು ನೋಡತೊಡಗಿದರು. 'ನಮ್ಮ ಯಂತ್ರಕ್ಕೆ ಕಲಿಸಲು ನಮ್ಮ ಹುಡುಗರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಈಕೆ ಚೀಲದ ಸೂಜಿಯಿಂದ ಮಾಡುತ್ತಾಳೆ' ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಪಕ್ಕದಲ್ಲಿದ್ದ ಹಸನಸಾಬರಿಗೆ ಕೇಳಿಸಿತು. ಆಳಂದದ ಆ ಪಡಸಾಲೆಯಲ್ಲಿ ತಾವಿದ್ದೇವೆಂಬುದಕ್ಕೆ ಅವರ ಮುದಿ ಎದೆ ತುಂಬಿ ಬಂತು.

ಏಳು ಕಾರ್ಡು ಉದುರಿದವು. ಸುಭದ್ರಾಬಾಯಿ ಒಂದನ್ನು ಎತ್ತಿ ಅದರ ಅಂಚನ್ನು ಕರಿ ಕಂಬಳಿಯ ಮೇಲೆ ಮೆಲ್ಲಗೆ ಕುಟ್ಟಿದರು. ಒಂದು ಬಿಳಿಯ ಗೆರೆ ಮೂಡಿತು. ಎರಡನೆಯದಕ್ಕೂ ಗೆರೆ, ಮೂರನೆಯದಕ್ಕೂ. ಆರು ಕಾರ್ಡಿಗೆ ಆರು ಗೆರೆ. ಏಳನೆಯದನ್ನು ಕುಟ್ಟಿದರು. ಇನ್ನೊಮ್ಮೆ ಕುಟ್ಟಿದರು. ಕಂಬಳಿ ಕರ್ರಗೇ ಉಳಿಯಿತು.

"ಶ್ರಾವಣ ಕಾಣದ ಕಾರ್ಡು," ಎಂದರು. "ತೂತು ಇನ್ನೂ ಚೂಪು ಅದಾವ, ಇವತ್ತಿನ ತನಕ ದಬ್ಬಣ ಹಾಯ್ದಿಲ್ಲ. ಹೆಸರು ನೋಡಿದ್ರ ಹತ್ತೊಂಬತ್ತು ವರ್ಷದ ಹಳೇ ಪಂಚರದು. ಒಯ್ದವರು ಒಂದು ತಪ್ಪು ಮಾಡ್ಯಾರ. ಆ ತಪ್ಪು ಶಿವಭಕ್ತರು ಮಾತ್ರ ಮಾಡ್ತಾರ. ಕಾರ್ಡಿನಿಂದ ಉದುರಿದ ವಿಭೂತಿ ಕಾಲಿಗಿ ಹತ್ತಬಾರದು ಅಂತ ಶಲ್ಯಾ ಹಾಸ್ಯಾರ. ಕಡೀಕ ಅದನ್ನ ಝಾಡಿಸಿ ಒಗಿಯಾಕ ಮನಸ್ಸು ಬಂದಿಲ್ಲ. ಗಂಟು ಕಟ್ಕೊಂಡು ಕುಂತಾರ. ದತ್ತಪ್ಪನವ್ರ, ಗಂಟು ಬಿಚ್ಚತೀರೇನ್ರಿ?"

ದತ್ತಪ್ಪ ಅಲ್ಲಗಳೆಯಲಿಲ್ಲ. ಬಿಚ್ಚಿದಾಗ ಶಲ್ಯದ ನಡುವೆ ಒಂದು ಬೊಗಸೆ ವಿಭೂತಿ, ಅದರಲ್ಲಿ ಅರ್ಧ ಹುದುಗಿದ ಒಂದು ಹಳೆಯ ಕಾರ್ಡು. ಹರಿಯಬೇಕೆಂದಿದ್ದೆ, ವಿಭೂತಿ ಮೆತ್ತಿದ್ದನ್ನು ಹರಿಯಲಾಗಲಿಲ್ಲ ಎಂದ.

ಹಸನಸಾಬರು ಎರಡೂ ಕಾರ್ಡನ್ನು ಓದಿದರು. ಹಳೆಯದರಲ್ಲಿ, ಕಲಿಸಿದವರು ದೊಡ್ಡಪ್ಪನವರೆಂಬ ಸರ್ಕಾರಿ ಮೋಜಣಿದಾರರು. ಸಾಕ್ಷಿ, ಈಗ ತೀರಿಹೋಗಿರುವ ಇಬ್ಬರು ಮೋಜಣಿದಾರರು. ಹೊಸದರಲ್ಲಿ ಬೇರೆ ಬರಹವಿತ್ತು: 'ಕಲಿಸಿದವರು ಯಾರೂ ಇಲ್ಲ. ಹದಿನಾಲ್ಕು ವರ್ಷ ಸರಪಳಿ ಹಿಡಿದು ನಿಂತು, ನೋಡಿ ಕಲಿತದ್ದು.' ಸಾಕ್ಷಿಯ ಜಾಗ ಖಾಲಿಯಿತ್ತು.

"ಸರಪಳಿ ಹಿಡಿಯೋ ಆಳು ಇದ್ದೆರಿ ನಾನು," ಎಂದ ದತ್ತಪ್ಪ. "ದೊಡ್ಡಪ್ಪನವ್ರು ನನಗ ದುರ್ಬೀನಿಗಿ ಕಣ್ಣು ಹಚ್ಚಾಕ ಒಂದು ದಿನಾನೂ ಬಿಟ್ಟಿಲ್ಲ. ಅವ್ರ ಬೆನ್ನ ಹಿಂದ ನಿಂತು ಕಲಿತೆ. ಆಳು ಮೋಜಣಿ ಮಾಡ್ತಾನ ಅಂದ್ರ ಯಾರು ಕರೀತಾರ್ರಿ? ಅವ್ರ ಹೆಸರು, ಸಾಕ್ಷಿ ಎಲ್ಲಾ ನಾನೇ ಬರಕೊಂಡೆ. ಹತ್ತೊಂಬತ್ತು ವರ್ಷ ಒಂದು ಬದು ತಪ್ಪು ಹಾಕಿಲ್ಲ. ನಿನ್ನಿ ಸಾಹೇಬರ ಮಾತು ಕೇಳಿದ ಮ್ಯಾಲ, ಪುಣೆದಾಗ ನನ್ನ ಹೆಸರು ಕೆಂಪಾಗಿ ಕಾಣ್ತದ ಅಂತ ಜೀವ ಹೋದಂಗಾತು. ಬೆಳಿಗ್ಗಿ ಕಚೇರಿ ಬಾಗಿಲಾ ಬರೇ ಮುಂದ ಮಾಡಿತ್ತು. ಪೆಟ್ಟಿಗಿ ಹೊತ್ತು ಮಾಳಿಗಿ ಹತ್ತಿ, ಹಳೇ ಕಾರ್ಡಿಗಿ ಹೊಂದಿಸಿ ಹೊಸಾದ್ರ ಅಂಚು ಕತ್ತರಿಸಿದೆ. ಹೊಳ್ಳಿ ತಂದಿಡಬೇಕಂದ್ರ ಕೆಳಗ ಸುಂದರಬಾಯಾರ ದನಿ ಕೇಳಿಸ್ತು."

"ಮತ್ತ ಈ ಹೊಸಾದ್ರಾಗ ಇನ್ನೊಂದು ಸುಳ್ಳು ಬರೀಬಹುದಿತ್ತಲ್ಲ," ಎಂದರು ವಾಡಕರ.

"ಬರಿಯಾಕ ಪೆನ್ನು ತಗದೆರಿ. ಕೈ ಖರೇನ ಬರೀತು."

ಸುಂದರಬಾಯಿ ಎದ್ದು, ಆ ಗಳಿಗೆಯಿಂದ ದತ್ತಪ್ಪ ಪಂಚನಲ್ಲವೆಂದರು. ಸಾಕ್ಷಿಯಿಲ್ಲದ ಕಾರ್ಡು ಪೆಟ್ಟಿಗೆಯಲ್ಲಿ ಇರಕೂಡದೆಂಬುದೂ ಬಳಗದ ನೇಮ, ಅದನ್ನು ಯಾರಿಗಾಗಿಯೂ ಮುರಿದಿಲ್ಲ ಎಂದರು. ಹೊಸ ಕಾರ್ಡನ್ನು ಪೆಟ್ಟಿಗೆಯಿಂದ ಬೇರೆಯಾಗಿ ಮೇಜಿನ ಮೇಲಿಟ್ಟರು. ದತ್ತಪ್ಪ ತಲೆಯಾಡಿಸಿದ. ವಿಭೂತಿಯನ್ನು ದೇವರ ಮಾಡದಲ್ಲಿ ಸುರಿದು, ಶಲ್ಯ ಮಡಿಚಿ, ಹೊರಡಲು ನಿಂತ.

"ಎಲ್ಲಿಗಿ ಹೊಂಟೀರಿ?" ಎಂದಳು ಮಲ್ಕಮ್ಮ.

ಅದು ಮೆಲ್ಲನೆಯ ದನಿಯಾಗಿತ್ತು. ಆದರೆ ಅವನು ಹೊಸ್ತಿಲಿನಲ್ಲಿ ನಿಂತುಬಿಟ್ಟ.

"ಮುಂಜಾನಿಂದ ಈ ಬಾಗಿಲದಾಗ ನಿಂತವರೆಲ್ಲ ನನಗ ಕಳ್ಳಿ ಅಂದಾರ. ನೀವು ಅಲ್ಲೇ ಕುಂತು ಕೇಳೀರಿ. ಚಹಾ ಕುಡದೀರಿ. ಅವ್ರಿಗಿ ನಿಮ್ಮ ಬಾಯಿಲೆ ಹೇಳಿ ಹೋಗ್ರಿ."

ದತ್ತಪ್ಪ ಹೊರಗೆ ನಡೆದ. ಬೇವಿನ ಮರದ ಕೆಳಗೆ ನಿಂತು, ದೌಲತರಾಯನ ಮುಂದೆ, ಬೀದಿಯ ಜನರ ಮುಂದೆ, ಪೆಟ್ಟಿಗೆ ಒಯ್ದವನು ತಾನು, ಮಲ್ಕಮ್ಮಳ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ ಎಂದು ಹೇಳಿದ. ಒಳಗಿದ್ದವರಿಗೂ ಕೇಳುವಂತೆ ಎರಡು ಸಲ ಹೇಳಿದ. ಜನರ ನಡುವೆ ಗುಜುಗುಜು ಎದ್ದು ಅಡಗಿತು. ದೌಲತರಾಯ ಎಲೆ ಅಡಿಕೆ ಉಗುಳಿ ಜೀಪು ಹತ್ತಿದ.

ಅಷ್ಟರಲ್ಲಿ ಮಲ್ಕಮ್ಮ ಆಳಂದದ ಪೆಟ್ಟಿಗೆಯಲ್ಲಿ ಎರಡು ಸಲ ದಬ್ಬಣ ಚುಚ್ಚಿ ತನ್ನ ಕಾರ್ಡನ್ನು ತೆಗೆದಿದ್ದಳು. "ಬಾಯಾರ, ಒಂದು ಮಾತದ," ಎಂದಳು. "ಆರು ವರ್ಷದ ಕೆಳಗ ನಮ್ಮಪ್ಪನ ಒಂದೂವರಿ ಎಕರೆ ಹೊಲಕ್ಕ ತಕರಾರು ಬಿತ್ತು. ಮೋಜಣಿಗಿ ಇವ್ರೇ ಬಂದಿದ್ರು. ಸರಪಳಿ ಹಿಡಿಯೋ ಆಳು ಬರಲಿಲ್ಲಂತ ಇಡೀ ದಿನ ಇನ್ನೊಂದು ತುದಿ ಹಿಡದಾಕಿ ನಾನು. ಬಾಜೂ ಹೊಲದ ಸಾವುಕಾರ ಇವ್ರನ್ನ ಕರದು ಚಹಾ ಕೊಟ್ಟ, ಕಡೀಗಿ ಬೈದ. ಗೂಟ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ನಾ ಇವ್ರ ಜೊತಿ ದುಡದೇನಿ. ಒಂದು ಸಾಕ್ಷಿ ನಂದು."

"ಇವತ್ತು ನಿನಗ ಇಷ್ಟು ಮಾಡಿದವ್ರಿಗಿ?" ಎಂದರು ಸುಂದರಬಾಯಿ.

"ಸಾಕ್ಷಿ ಅಂದ್ರ ದೋಸ್ತಿ ಅಲ್ಲಲ್ರಿ. ಕಂಡದ್ದು ಬರೆಯೋದು. ಇವತ್ತಿನದೂ ಕಂಡೇನಿ, ಅವತ್ತಿನದೂ ಕಂಡೇನಿ."

ಅಂಬಾರಾಯ ಗಂಟಲು ಸರಿಮಾಡಿಕೊಂಡ. ತನ್ನ ಎಂಜಿನ್ ಶೆಡ್ಡಿಗೆ ಬುನಾದಿ ಗುರುತು ಹಾಕಿದವನೂ ಇವನೇ, ತಾನೇ ಹಗ್ಗ ಹಿಡಿದಿದ್ದೆ, ಮೂಲೆ ಇವತ್ತಿಗೂ ಕೂದಲೆಳೆ ತಪ್ಪಿಲ್ಲ ಎಂದು ಗೊಣಗಿ, ಕೈ ಒರೆಸಿಕೊಳ್ಳಲು ಒಂದು ಬಟ್ಟೆ ಕೇಳಿದ.

ಬೇವಿನ ಕೆಳಗಿದ್ದ ದತ್ತಪ್ಪನನ್ನು ಹಸನಸಾಬರು ಕರೆತಂದರು. ಅವನೆದುರಿಗೇ ಇಬ್ಬರೂ ಸಹಿ ಹಾಕಿದರು. ತಮ್ಮತಮ್ಮ ಕಾರ್ಡಿನ ಹಿಂದೆ ಅವನ ಹೆಸರನ್ನೂ ಬರೆದರು. ಮಲ್ಕಮ್ಮ ಹೊಸ ಕಾರ್ಡಿಗೆ ವಿಭೂತಿ ಸವರಿ ಪೆಟ್ಟಿಗೆಯ ನಡುವೆಲ್ಲೋ ಸೇರಿಸಿದಳು, ಎಲ್ಲಿಯೆಂದು ಅವಳೂ ನೋಡಲಿಲ್ಲ.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ವಾಡಕರ ಒಪ್ಪಂದದ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿ, ಮೊದಲ ಸಹಿಗೆಂದು ಪೆನ್ನನ್ನು ಸುಂದರಬಾಯಿಯತ್ತ ಚಾಚಿದರು. ಸುಂದರಬಾಯಿ ಅದನ್ನು ತೆಗೆದುಕೊಂಡು ಮಲ್ಕಮ್ಮಳ ಬಿಳಿಯ ಬೆರಳುಗಳ ನಡುವೆ ಇಟ್ಟರು. ಅವಳು ಕುರ್ಚಿ ಎಳೆದು, ಬೆನ್ನು ನೆಟ್ಟಗೆ ಮಾಡಿ ಕುಳಿತು, ತನ್ನ ಹೆಸರನ್ನೂ ಅದರ ಕೆಳಗೆ ಊರಿನ ಹೆಸರನ್ನೂ ಯಾವ ಅವಸರವಿಲ್ಲದೆ ಪೂರ್ತಿಯಾಗಿ ಬರೆದಳು.